ಕ್ಯಾಮೆರಾ ಬ್ಯಾಗಿನ ಒಳಜೇಬು

ಹುಲಿಗಿಯಲ್ಲಿ ಮಂಗಳವಾರ ಅಂದರೆ ಅಮ್ಮನ ವಾರ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಮುನಿರಾಬಾದ್ ಸ್ಟೇಷನ್ ಕಡೆಯಿಂದ ಹುಲಿಗೆಮ್ಮನ ಗುಡಿಯವರೆಗೆ ಜನವೋ ಜನ. 2024ರ ಫೆಬ್ರವರಿಯ ಒಂದು ಮಂಗಳವಾರ ಆ ಜನದ ಎದುರಿಗೆ, ಉಲ್ಟಾ ದಿಕ್ಕಿಗೆ ಬೈಕ್ ತಿರುಗಿಸಿಕೊಂಡು ನಾನು ಊರು ಬಿಟ್ಟೆ. ಮನೆಯಲ್ಲಿ ‘ಗಂಗಾವತಿ ಕಡೆ ಒಂದು ಪ್ರೆಸ್‌ಮೀಟ್ ಐತಿ’ ಎಂದು ಹೇಳಿದ್ದೆ. ಹೋಗಿದ್ದು ಪಕ್ಕದ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ.

ಮಂಗಳವಾರಕ್ಕೆ ಇನ್ನೊಂದು ಗುರುತೂ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವುದು ಮಂಗಳವಾರವೇ. ಇದನ್ನು ನಾನೇ ಹಿಂದೊಮ್ಮೆ ಮೂರು ಸಾಲಿನ ಸುದ್ದಿ ಮಾಡಿದ್ದೆ. ‘ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಬೇಕು’ ಎಂದು ಕೊನೆಗೆ ಬರೆದಿದ್ದೆ. ಆ ಸಾರ್ವಜನಿಕರಲ್ಲಿ ನಾನೂ ಒಬ್ಬ ಎಂದು ಆಗ ಅನಿಸಿರಲಿಲ್ಲ.

ಕೊಪ್ಪಳದ ಜಿಲ್ಲಾ ಆಸ್ಪತ್ರೆ ನಮಗೆ ಹತ್ತಿರ. ಆದರೆ ಅಲ್ಲಿ ಗೇಟಿನ ಸೆಕ್ಯುರಿಟಿಯಿಂದ ಹಿಡಿದು ಎಲ್ಲರಿಗೂ ನನ್ನ ಮುಖ ಗೊತ್ತು. ಹೋದರೆ ಸಾಕು, ‘ಏನ್ರಿ ಸರ, ಏನರ ಸುದ್ದಿ ಐತೇನು?’ ಅನ್ನುತ್ತಾರೆ. ಹಾಗಾಗಿ ದೂರದ ಆಸ್ಪತ್ರೆ, ಕೊರೊನಾ ಕಾಲದ ಹಳೇ ಮಾಸ್ಕು, ಚೀಟಿ ಮಾಡಿಸುವಾಗ ಉದ್ಯೋಗ ‘ಒಕ್ಕಲುತನ’.

ಆಗಿದ್ದೇನೆಂದರೆ, 2023ರ ದೀಪಾವಳಿಯ ನಂತರ ನನ್ನ ನಿದ್ದೆ ಮೂರು ಗಂಟೆಗೇ ಮುಗಿಯುತ್ತಿತ್ತು. ಬರದ ವರ್ಷ. ಕಾಲುವೆಗೆ ನೀರಿಲ್ಲ, ದಿನಾ ಬರೆಯುವುದಕ್ಕೆ ಸುದ್ದಿ ಇತ್ತು. ನಾನು ಹಳೇ ಸುದ್ದಿಯಲ್ಲೇ ಊರಿನ ಹೆಸರು ಬದಲಾಯಿಸಿ ಕಳಿಸುತ್ತಿದ್ದೆ. ಊಟ ಮಣ್ಣು ತಿಂದಂತೆ. ಮಗಳು ಮಾತಾಡಿಸಿದರೆ ಸಿಟ್ಟು, ಆಮೇಲೆ ಅದಕ್ಕೊಂದು ಅಳು. ನಮ್ಮ ಕಡೆ ಇದಕ್ಕೆ ಖಿನ್ನತೆ ಅನ್ನುವ ಮಾತು ಯಾರ ಬಾಯಲ್ಲೂ ಇಲ್ಲ. ‘ಜೀವಕ್ಕ ಬ್ಯಾಸರ’, ‘ಎದಿ ಡವಡವ’, ‘ಕೈಕಾಲು ಹರಿತಾವು’, ‘ಹೊಟ್ಟ್ಯಾಗ ಸಂಕಟ’ ಎನ್ನುತ್ತಾರೆ. ಅಲ್ಲಿದ್ದ ಡಾಕ್ಟರು ದಕ್ಷಿಣದ ಕಡೆಯ ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಸಣ್ಣವರು. ಅಷ್ಟೂ ಮಾತು ಅವರಿಗೆ ಅರ್ಥವಾಗುತ್ತಿತ್ತು. ಎಷ್ಟು ದಿನದಿಂದ, ಯಾವ ಹೊತ್ತಿಗೆ ಜಾಸ್ತಿ, ಕುಡಿತ ಇದೆಯಾ, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ ಎಂದು ಒಂದೊಂದಾಗಿ ಕೇಳಿದರು. ‘ಇದಕ್ಕೆ ಮುಂಚೆ ಯಾವಾಗಲಾದರೂ ನಿದ್ದೆಯೇ ಇಲ್ಲದೆ ವಾರಗಟ್ಟಲೆ ವಿಪರೀತ ಹುರುಪು, ವಿಪರೀತ ಖರ್ಚು, ವಿಪರೀತ ಮಾತು ಆಗಿತ್ತಾ? ಮನೆತನದಲ್ಲಿ ಯಾರಿಗಾದರೂ?’ ಎಂದೂ ಕೇಳಿದರು. ಈ ಪ್ರಶ್ನೆ ಯಾಕೆಂದು ಆಗ ತಿಳಿಯಲಿಲ್ಲ. ಬೈಪೋಲಾರ್ ಇರುವವರಿಗೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಮನಸ್ಸು ಮತ್ತೊಂದು ತುದಿಗೆ ಹಾರಬಹುದಂತೆ. ಆಮೇಲೆ ಅಷ್ಟೇ ಸಲೀಸಾಗಿ, ‘ಸಾಯಬೇಕು ಅಂತ ಅನಿಸುತ್ತಾ?’ ಎಂದರು. ಹದಿನಾಲ್ಕು ವರ್ಷದಿಂದ ಬೇರೆಯವರಿಗೆ ಪ್ರಶ್ನೆ ಕೇಳಿಕೊಂಡು ಬಂದ ನನಗೆ ಅಂಥ ನೇರ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ‘ಒಮ್ಮೊಮ್ಮೆ’ ಅಂದೆ. ಅವರು ಗಾಬರಿಯಾಗಲಿಲ್ಲ, ಬರೆದುಕೊಂಡರು. ಇನ್ನೂ ನಾಲ್ಕು ಪ್ರಶ್ನೆ ಕೇಳಿದರು.

ಕೊಟ್ಟಿದ್ದು ಎಸ್ಸಿಟಾಲೊಪ್ರಾಮ್. ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10. ಬೆಳಿಗ್ಗೆ ನಾಷ್ಟಾ ಆದ ಮೇಲೆ ಒಂದು. ‘ಮೊದಲ ಎರಡು ವಾರ ಇದು ನಿಮಗೆ ಉಪಕಾರಕ್ಕಿಂತ ತೊಂದರೆನೇ ಜಾಸ್ತಿ ಕೊಡಬಹುದು’ ಎಂದು ಮೊದಲೇ ಹೇಳಿದರು. ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಬರಬಹುದು. ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ, ಪೂರ್ತಿ ಗೊತ್ತಾಗಲು ಆರು ವಾರವೂ ಬೇಕಾಗಬಹುದು. ಆ ನಡುವೆ ಕೆಟ್ಟ ಯೋಚನೆ ಜಾಸ್ತಿಯಾದರೆ ಮುಂದಿನ ಮಂಗಳವಾರಕ್ಕೆ ಕಾಯದೆ ಅದೇ ದಿನ ಬರಬೇಕು. ಒಂದು ದಿನ ಮರೆತರೆ ನೆನಪಾದಾಗ ತೆಗೆದುಕೊಳ್ಳಬೇಕು, ಮರುದಿನದ ಹೊತ್ತು ಬಂದೇ ಬಿಟ್ಟಿದ್ದರೆ ಎರಡು ಸೇರಿಸಿ ನುಂಗಬಾರದು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಗುಳಿಗೆಯ ಹೆಸರು ಹೇಳಬೇಕು. ಗುಣವಾಯಿತೆಂದು ತಾನೇ ಬಿಡಬಾರದು, ಗುಣವಾದ ಮೇಲೂ ಕಡಿಮೆಯೆಂದರೆ ಆರು ತಿಂಗಳು ನಡೆಸಬೇಕು.

ಕೊನೆಗೆ ಕೇಳಿದರು: ‘ಮನೇಲಿ ಯಾರಿಗೆ ಗೊತ್ತು?’

‘ಹೆಂಡ್ತಿಗೆ ಗೊತ್ತು ಮೇಡಂ’ ಅಂದೆ.

ಸುಳ್ಳು. ಮುಂದಿನ ಆರು ತಿಂಗಳಲ್ಲಿ ನನಗೆ ಆದ ಪ್ರತಿಯೊಂದು ತೊಂದರೆಯ ಮೂಲ ಈ ಸುಳ್ಳು, ಗುಳಿಗೆಯಲ್ಲ. ನಾನು ಬರೆಯಹೊರಟಿದ್ದು ಇದನ್ನೇ.

ಸ್ಟ್ರಿಪ್ಪು ಕ್ಯಾಮೆರಾ ಬ್ಯಾಗಿನ ಒಳಜೇಬಿಗೆ ಹೋಯಿತು, ಮೆಮೊರಿ ಕಾರ್ಡ್ ಇಡುವ ಜಾಗಕ್ಕೆ. ಆ ಬ್ಯಾಗನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಬ್ಯಾಗು ಇರುವುದು ಬೈಕಿನ ಮೇಲೆ, ಬೈಕು ಇರುವುದು ತಹಶೀಲ್ದಾರ್ ಕಚೇರಿಯ ಬಯಲಿನಲ್ಲಿ. ಕೊಪ್ಪಳದ ಏಪ್ರಿಲ್ ಬಿಸಿಲು ನಿಮಗೆ ಗೊತ್ತು. ತಂಪಾದ, ಒಣ ಜಾಗದಲ್ಲಿ ಇಡಬೇಕಾದ ಗುಳಿಗೆ ಮಿರ್ಚಿ ಬಾಣಲೆಯ ಪಕ್ಕದಲ್ಲಿ ಇಟ್ಟಂತೆ ಇತ್ತು.

ಮೊದಲ ಹತ್ತು ದಿನ ಡಾಕ್ಟರು ಹೇಳಿದಂತೆಯೇ ಆಯಿತು. ಬಾಯಿ ಒಣಗಿತು, ಹೊಟ್ಟೆ ತೊಳಸಿತು, ಕೂತಲ್ಲಿ ಕೂರಲಾಗಲಿಲ್ಲ. ಹೆಂಡತಿಗೆ ‘ಪಿತ್ತ’ ಅಂದೆ. ಮೂರನೇ ವಾರದ ಒಂದು ಬೆಳಿಗ್ಗೆ ಎಚ್ಚರವಾದಾಗ ಹೊರಗೆ ಬೆಳಕಿತ್ತು. ಗಡಿಯಾರದಲ್ಲಿ ಆರೂಕಾಲು. ತಿಂಗಳುಗಳಿಂದ ಬೆಳಕಿನಲ್ಲಿ ಕಣ್ಣು ಬಿಟ್ಟಿರಲಿಲ್ಲ. ಅದೇನು ಸಂತೋಷ ಅಂತಲ್ಲ. ಚಹಾ ಚಹಾದಂತೆ ಇತ್ತು, ಅಷ್ಟೆ.

ಮಾರ್ಚಿನ ಕೊನೆಗೆ ಸೊಂಟ ಹಿಡಿಯಿತು. ಬೈಕಿನ ಸೊಂಟ, ನಮ್ಮ ವೃತ್ತಿಯವರಿಗೆ ಹೊಸದಲ್ಲ. ಹತ್ತಿರದ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದೆ. ಆ ಡಾಕ್ಟರು ಸರಿಯಾಗಿಯೇ ಕೇಳಿದರು: ‘ಬ್ಯಾರೆ ಏನರ ಗುಳಿಗಿ ತಗೋತೀರೇನ್ರಿ?’ ಕಂಪೌಂಡರ್ ನಮ್ಮ ಓಣಿಯವನು, ಪಕ್ಕದಲ್ಲೇ ನಿಂತಿದ್ದ. ‘ಇಲ್ರಿ’ ಅಂದೆ. ಅವರು ಬರೆದ ನೋವಿನ ಗುಳಿಗೆಯಲ್ಲಿ ಟ್ರಾಮಡಾಲ್ ಇತ್ತು. ಎರಡನೇ ದಿನ ರಾತ್ರಿ ಮೈಯೆಲ್ಲ ಬೆವರು, ಕೈ ನಡುಕ, ಭೇದಿ. ಹಾಸಿಗೆಯಲ್ಲಿ ಕಾಲು ತಾನೇ ಜಿಗಿಯುತ್ತಿತ್ತು. ಎದೆ ಟ್ರ್ಯಾಕ್ಟರಿನಂತೆ ಹೊಡೆದುಕೊಳ್ಳುತ್ತಿತ್ತು. ಹಾರ್ಟ್ ಅಟ್ಯಾಕ್ ಎಂದೇ ತಿಳಿದೆ. ಬೆಳಗಾದ ಮೇಲೆ ನೋವಿನ ಗುಳಿಗೆ ಬಿಟ್ಟೆ, ಎರಡು ದಿನಕ್ಕೆ ಇಳಿಯಿತು.

ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಯೊಕ್ಸೆಟಿನ್ ಮುಂತಾದವು ಮಿದುಳಿನಲ್ಲಿ ಸೆರೊಟೊನಿನ್ ಎಂಬ ರಾಸಾಯನಿಕ ಬೇಗ ಹಿಂತಿರುಗಿ ಹೋಗದಂತೆ ತಡೆಯುತ್ತವೆ. ಟ್ರಾಮಡಾಲ್ ಕೂಡ ನೋವು ಇಳಿಸುವುದರ ಜೊತೆಗೆ ಸ್ವಲ್ಪ ಅದೇ ಕೆಲಸ ಮಾಡುತ್ತದೆ. ಎರಡೂ ಕೂಡಿದರೆ ಸೆರೊಟೊನಿನ್ ಮಿತಿಮೀರಬಹುದು. ನನಗಾದದ್ದು ಸೌಮ್ಯ ರೂಪ. ಜ್ವರ ಏರಿ, ಮೈ ಸೆಟೆದು, ಜೀವಕ್ಕೆ ಕುತ್ತು ಬರುವಷ್ಟೂ ಆಗುವುದುಂಟು. ಹಾಗಾದರೆ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕು. ಔಷಧ ನಿರೋಧಕ ಕ್ಷಯಕ್ಕೆ ಕೊಡುವ ಲಿನೆಜೊಲಿಡ್ ಜೊತೆಗೂ ಇದೇ ಅಪಾಯ. ನಾವು ಪುಟಾಣಿಯಂತೆ ತಿನ್ನುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜೊತೆಗೆ ಬೇರೆ ತೊಡಕು: ಹೊಟ್ಟೆಯೊಳಗೆ ರಕ್ತ ಸೋರುವ ಸಂಭವ ಹೆಚ್ಚುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಸೋಡಿಯಂ ಇಳಿದು ಮಂಕು ಕವಿಯಬಹುದು. ಇದ್ಯಾವುದನ್ನೂ ರೋಗಿ ಬಾಯಿಪಾಠ ಮಾಡಬೇಕಾಗಿಲ್ಲ. ‘ನಾನು ಇಂಥ ಗುಳಿಗೆ ತಗೋತೀನ್ರಿ’ ಎಂಬ ಒಂದು ಮಾತು ಹೇಳಿದರೆ ಸಾಕಿತ್ತು. ಕಂಪೌಂಡರ್ ಪಕ್ಕದಲ್ಲಿದ್ದ ಎಂದು ಅದನ್ನು ನಾನು ನುಂಗಿದ್ದೆ.

ಕ್ಷಯದ ಮಾತು ಬಂತು, ಒಂದು ಸಂಗತಿ ಹೇಳಿಬಿಡುತ್ತೇನೆ. ಟಿಬಿ ಅಂದರೆ ನಮ್ಮೂರಲ್ಲಿ ಮೊದಲು ನೆನಪಾಗುವುದು ಡ್ಯಾಂ, ಆಮೇಲೆ ಕಾಯಿಲೆ. ಖಿನ್ನತೆಯ ಗುಳಿಗೆಯ ವಂಶ ಶುರುವಾದದ್ದು ಆ ಕಾಯಿಲೆಯ ವಾರ್ಡಿನಲ್ಲಿ. 1950ರ ದಶಕದ ಆರಂಭದಲ್ಲಿ, ಅಂದರೆ ತುಂಗಭದ್ರಾ ಅಣೆಕಟ್ಟು ಮುಗಿಯುತ್ತಿದ್ದ ಕಾಲಕ್ಕೆ, ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಯಾಜಿಡ್ ಎಂಬ ಹೊಸ ಔಷಧ ಕೊಟ್ಟರು. ಮಲಗಿದ್ದವರು ಎದ್ದು ಕೂತು ನಗತೊಡಗಿದರು, ಊಟ ಕೇಳತೊಡಗಿದರು. ಅದು ಮನಸ್ಸಿನ ಮೇಲೂ ಕೆಲಸ ಮಾಡುತ್ತಿದೆ ಎಂದು ವೈದ್ಯರಿಗೆ ಹೊಳೆದದ್ದು ಆಗ. ಯಕೃತ್ತಿಗೆ ಹಾನಿ ಮಾಡಿದ್ದರಿಂದ ಆ ಔಷಧ ಮುಂದೆ ಮೂಲೆಗೆ ಸೇರಿತು. ಫ್ಲುಯೊಕ್ಸೆಟಿನ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1987ರ ಕೊನೆಗೆ. ಈಗಿನವು ಅದರ ಬಳಗ.

ಎರಡನೇ ಸಲಕ್ಕೆ ಆಸ್ಪತ್ರೆಗೆ ಹೋಗಬೇಕಾದ ಮಂಗಳವಾರ ನಾನು ಹೋಗಲಿಲ್ಲ. ಲೋಕಸಭಾ ಚುನಾವಣೆ, ಮೇ 7ಕ್ಕೆ ನಮ್ಮ ಕ್ಷೇತ್ರದ ಮತದಾನ. ಚೀಟಿ ಹರಿದು ಬಿಸಾಕಿದ್ದೆ, ಯಾರ ಕೈಗಾದರೂ ಸಿಕ್ಕರೆ ಎಂದು. ಮೊಬೈಲಿನಲ್ಲಿ ಸ್ಟ್ರಿಪ್ಪಿನ ಒಂದು ಮಸುಕು ಫೋಟೊ ಇತ್ತು. ಅದನ್ನು ತೋರಿಸಿ ಒಂದೊಂದು ಸಲ ಒಂದೊಂದು ಊರಿನ ಮೆಡಿಕಲ್ ಶಾಪಿನಲ್ಲಿ ಕೊಳ್ಳುತ್ತಿದ್ದೆ. ಒಂದು ಕಡೆ ಕೊಟ್ಟ ಸ್ಟ್ರಿಪ್ಪಿನ ಹೆಸರಿನ ಬಾಲಕ್ಕೆ ‘ಪ್ಲಸ್’ ಅಂತಿತ್ತು. ಕೇಳಿದೆ. ‘ಅದss ರಿ, ಕಂಪನಿ ಒಂದ’ ಅಂದರು. ಪ್ಲಸ್ ಅಂದರೆ ಏನೋ ಶಕ್ತಿ ಜಾಸ್ತಿ ಇರಬೇಕು ಎಂದು ಸಮಾಧಾನಪಟ್ಟುಕೊಂಡೆ. ಆ ಪ್ಲಸ್ಸು ಕ್ಲೊನಜೆಪಾಮ್, ನಿದ್ದೆ ಬರಿಸುವ, ಬಹಳ ದಿನ ತಿಂದರೆ ಚಟವಾಗುವ ಜಾತಿಯದ್ದು. ಆರನೇ ದಿನ ಮಧ್ಯಾಹ್ನ ಗಿಣಿಗೇರಿ ಹತ್ತಿರ ಹೈವೇಯಲ್ಲಿ ಬೈಕಿನ ಮೇಲೆ ಕಣ್ಣು ಮುಚ್ಚಿತು. ಕಾರ್ಖಾನೆ ಲಾರಿಯವನ ಹಾರ್ನಿಗೆ ಎಚ್ಚರವಾಯಿತು, ಆಗಲೇ ರಸ್ತೆಯ ಬಿಳಿ ಗೆರೆ ದಾಟಿದ್ದೆ. ಅವನು ಬೈದದ್ದು ನ್ಯಾಯ.

ಖಿನ್ನತೆಯ ಗುಳಿಗೆ ಮತ್ತು ನಿದ್ದೆ ಗುಳಿಗೆ ಒಂದೇ ಎಂದು ನಮ್ಮ ಜನ ತಿಳಿದಿರುವುದು ಇಂಥ ಕಡೆಗಳಿಂದಲೇ. ಎಸ್ಸಿಟಾಲೊಪ್ರಾಮ್ ಅಮಲು ಕೊಡುವುದಿಲ್ಲ, ಇನ್ನೂ ಬೇಕು ಇನ್ನೂ ಬೇಕು ಅನಿಸುವುದಿಲ್ಲ. ಆಲ್‌ಪ್ರಜೊಲಾಮ್, ಕ್ಲೊನಜೆಪಾಮ್‌ಗಳ ಕಥೆ ಬೇರೆ. ಅವಕ್ಕೂ ಉಪಯೋಗವಿದೆ, ಆದರೆ ಡಾಕ್ಟರು ಹೇಳಿದಷ್ಟೇ ದಿನ. ಕೊಳ್ಳುವಾಗ ಬ್ರ್ಯಾಂಡಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು, ಮಿಲಿಗ್ರಾಂ ಓದಬೇಕು. ಎರಡು ಹೆಸರಿದ್ದರೆ ಅದು ಬೇರೆ ಗುಳಿಗೆ. ಇವು ಷೆಡ್ಯೂಲ್ ಎಚ್ ಔಷಧಗಳು. ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಳ್ಳುವಂತೆಯೂ ಇಲ್ಲ. ಆಲ್‌ಪ್ರಜೊಲಾಮ್, ಟ್ರಾಮಡಾಲ್ ಇರುವುದು ಇನ್ನೂ ಬಿಗಿಯಾದ ಎಚ್1 ಪಟ್ಟಿಯಲ್ಲಿ, ಅಂಗಡಿಯವರು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದಿಡಬೇಕು. ಈ ನಿಯಮದ ಮೇಲೆ ನಾನೇ ಸುದ್ದಿ ಮಾಡಿದವನು. ಫೋಟೊ ತೋರಿಸಿ ಕೊಂಡವನೂ ನಾನೇ.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಯಾರೂ ಬರೆಯುವುದಿಲ್ಲ. ಈ ಗುಳಿಗೆಗಳಿಂದ ಗಂಡ–ಹೆಂಡತಿ ನಡುವಿನ ಆಸೆ ಕಡಿಮೆಯಾಗಬಹುದು. ಗಂಡಸರಿಗೂ ಆಗುತ್ತದೆ, ಹೆಂಗಸರಿಗೂ ಆಗುತ್ತದೆ. ಡಾಕ್ಟರಿಗೆ ಹೇಳಿದರೆ ಡೋಸ್ ಇಳಿಸಬಹುದು, ಔಷಧ ಬದಲಿಸಬಹುದು. ಹೇಳದಿದ್ದರೆ ಮನೆಯಲ್ಲಿ ಏನಾಗುತ್ತದೆ? ಗಂಡ ಮುಖ ತಿರುಗಿಸಿ ಮಲಗುತ್ತಾನೆ, ಮಂಗಳವಾರ ಎಲ್ಲಿಗೆ ಹೋಗಿದ್ದ ಅಂದರೆ ತಡವರಿಸುತ್ತಾನೆ, ಬ್ಯಾಗು ಮುಟ್ಟಿದರೆ ಹಾರಿಬೀಳುತ್ತಾನೆ. ನನ್ನ ಹೆಂಡತಿ ಏನು ತಿಳಿದುಕೊಂಡಿದ್ದಳೋ ಅದು ಯಾವ ಹೆಂಡತಿಯೂ ತಿಳಿದುಕೊಳ್ಳುವಂಥದ್ದು. ಅವಳು ಕೇಳಲಿಲ್ಲ. ಮಾತು ಕಡಿಮೆ ಮಾಡಿದಳು.

ಆಗಸ್ಟ್ ಬಂತು. ಈ ಸಲ ಡ್ಯಾಂ ತುಂಬಿತ್ತು. ನಾನು ಚೆನ್ನಾಗಿದ್ದೆ. ನಿಜಕ್ಕೂ ಚೆನ್ನಾಗಿದ್ದೆ, ಅದೇ ತೊಂದರೆ. 9ನೇ ತಾರೀಕಿಗೆ ಸ್ಟ್ರಿಪ್ಪು ಖಾಲಿಯಾಯಿತು. ಇನ್ನೇನು ಬೇಡ, ಗುಣವಾಯಿತಲ್ಲ ಅಂದುಕೊಂಡೆ. ಮರುದಿನ ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು.

ಆ ವಾರ ಈ ಭಾಗದ ಯಾವ ವರದಿಗಾರನೂ ಮಲಗಿಲ್ಲ. ಡ್ಯಾಮಿನ ಬುಡದ ಊರಿನವನಾದ ನಾನಂತೂ ಇಲ್ಲವೇ ಇಲ್ಲ. ಮಂತ್ರಿಗಳು, ಅಧಿಕಾರಿಗಳು, ಬೆಂಗಳೂರಿನ ಚಾನೆಲ್‌ಗಳ ಒಬಿ ವ್ಯಾನು. ಹೊಳೆಗೆ ಹೋಗುತ್ತಿರುವ ನೀರು ನೋಡುತ್ತ ನಿಂತ ರೈತರು. ಮೂರನೇ ದಿನ ನನಗೆ ತಲೆ ತಿರುಗತೊಡಗಿತು. ನಿದ್ದೆ ಇಲ್ಲ, ಅದಕ್ಕೇ ಅಂದುಕೊಂಡೆ. ಆಮೇಲೆ ಕತ್ತು ಹೊರಳಿಸಿದಾಗಲೆಲ್ಲ ತಲೆಯೊಳಗೆ ಜುಂ ಎಂದು ಕರೆಂಟು ಹೊಡೆದಂತೆ. ಮೋಟಾರಿನ ಸ್ಟಾರ್ಟರ್ ಮುಟ್ಟಿ ಶಾಕ್ ಹೊಡೆಸಿಕೊಂಡವರಿಗೆ ಗೊತ್ತಿರುತ್ತದೆ, ಅಂಥದ್ದು. ಅರೆಕ್ಷಣ, ಮತ್ತೆ ಮತ್ತೆ. ಕಣ್ಣು ಮುಚ್ಚಿದರೆ ವಿಚಿತ್ರ ಕನಸು. ಡೆಸ್ಕಿನಿಂದ ಫೋನು ಬಂದರೆ ಕಿರುಚಿದೆ. ಬುಧವಾರ ಬೆಳಿಗ್ಗೆ ಮುನಿರಾಬಾದ್ ಕಡೆ ರಸ್ತೆ ಬದಿ ಬೈಕ್ ನಿಲ್ಲಿಸಿ ಕಾರಣವಿಲ್ಲದೆ ಅತ್ತೆ. ಆ ಹಳೇ ಯೋಚನೆ ಮತ್ತೆ ಬಂತು, ಎದುರಿಗೆ ಅಷ್ಟೊಂದು ನೀರು. ಅಲ್ಲಿ ನಿಲ್ಲಬಾರದು ಎಂದಷ್ಟು ತಿಳಿಯಿತು. ಮನೆಗೆ ಬಂದೆ.

ಬ್ಯಾಗು ಕಟ್ಟೆಯ ಮೇಲೆ ಒಗೆದು ಒಳಗೆ ಹೋಗಿ ಬಿದ್ದುಕೊಂಡೆ. ಅವ್ವ ಹಿಂದಿನ ದಿನದ ಬುತ್ತಿ ಡಬ್ಬಿ ತೆಗೆಯಲು ಬ್ಯಾಗಿಗೆ ಕೈ ಹಾಕಿದ್ದಾಳೆ. ಒಳಜೇಬಿನಲ್ಲಿ ಖಾಲಿ ಸ್ಟ್ರಿಪ್ಪುಗಳು, ಬಿಸಾಕಲು ಜಾಗ ಸಿಗದೆ ಕೂಡಿಟ್ಟವು, ಎಂಟೋ ಒಂಬತ್ತೋ. ಕೈಯಲ್ಲಿ ಹಿಡಿದುಕೊಂಡು ಬಂದು ಹಾಸಿಗೆಯ ಪಕ್ಕ ಕೂತಳು.

‘ತಮ್ಮಾ, ನಿನಗೂ ಬಿಪಿ ಐತೇನು?’

ಅವ್ವನಿಗೆ ಓದು ಬರುವುದಿಲ್ಲ. ತನ್ನ ಗುಳಿಗೆ ಯಾವುದೆಂದು ಬಣ್ಣದ ಮೇಲೆ ಗುರುತು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಹೇಳಲು ಸುಳ್ಳು ಉಳಿದಿರಲಿಲ್ಲ. ಅಳುತ್ತ ಹೇಳಿದೆ. ಜೀವಕ್ಕೆ ಬೇಸರದ ಗುಳಿಗೆ, ಫೆಬ್ರವರಿಯಿಂದ, ಈಗ ಐದು ದಿನ ಆಯಿತು ಬಿಟ್ಟು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು.

ಅವ್ವ ಗಾಳಿ, ಮಾಟ ಅನ್ನುತ್ತಾಳೆ ಎಂದುಕೊಂಡಿದ್ದೆ. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಅದೇ ನನ್ನ ದೊಡ್ಡ ನೆಪ. ಅವಳು ಸ್ಟ್ರಿಪ್ಪು ತಿರುಗಿಸಿ ಮುರುಗಿಸಿ ನೋಡಿದಳು. ‘ನಂದು ಒಂದಿನ ತಪ್ಪಿದ್ರ ನೀನ ಬೈತೀದಿ. ನಿಂದು ತಪ್ಪಿದ್ರ ಯಾರ ಬೈಬೇಕು?’ ಅಂದಳು. ಅಮ್ಮನಿಗೆ ಹರಕೆಯನ್ನೂ ಹೊತ್ತಳು, ಅದು ಬೇರೆ ಮಾತು. ಎರಡೂ ಒಟ್ಟಿಗೆ ಇರಬಾರದೆಂದು ಅವಳಿಗೆ ಅನಿಸಿಯೇ ಇಲ್ಲ.

ಹೆಂಡತಿಯ ಸಿಟ್ಟು ಇಳಿಯಲು ದಿನ ಹಿಡಿಯಿತು. ‘ಆರು ತಿಂಗಳು ನನಗ ಏನೇನ್ ಅನಿಸಿತ್ತು ಗೊತ್ತೈತೇನ್ರಿ ನಿಮಗ?’ ಎಂದು ಒಂದೇ ಮಾತು ಕೇಳಿದಳು. ಆದರೆ 14416ಕ್ಕೆ ಫೋನ್ ಹಚ್ಚಿದವಳು ಅವಳೇ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ಇದೆ. ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರು ಅವಳಿಗೆ ಹೇಗೆ ಗೊತ್ತೆಂದರೆ, ಮಗಳ ಅಂಗನವಾಡಿ ಗೋಡೆಯ ಮೇಲೆ ಬರೆದಿದ್ದರಂತೆ. ಅಲ್ಲಿ ಮಾತಾಡಿದವರು, ಇಂಥ ಯೋಚನೆ ಇರುವಾಗ ಒಬ್ಬರೇ ಬಿಡಬೇಡಿ, ಮುಂದಿನ ಮಂಗಳವಾರಕ್ಕೆ ಕಾಯಬೇಡಿ ಅಂದರು. ಆ ಎರಡು ರಾತ್ರಿ ಅವಳು ನನ್ನನ್ನು ಒಬ್ಬನೇ ಬಿಡಲಿಲ್ಲ. ಸ್ವಾತಂತ್ರ್ಯ ದಿನ ಕಳೆದು ಶುಕ್ರವಾರ, ಅತ್ತ ಡ್ಯಾಮಿನಲ್ಲಿ ಕನ್ನಯ್ಯ ನಾಯ್ಡು ಅವರ ತಂಡ ಸ್ಟಾಪ್‌ಲಾಗ್ ಇಳಿಸುತ್ತಿದ್ದಾಗ, ಜಿಲ್ಲೆಯ ದೊಡ್ಡ ಸುದ್ದಿ ಬಿಟ್ಟು ನಾನು ಕೊಪ್ಪಳದ ಆಸ್ಪತ್ರೆಯ ಪಾಳಿಯಲ್ಲಿ ನಿಂತಿದ್ದೆ. ಮಾಸ್ಕ್ ಇಲ್ಲದೆ, ಹೆಂಡತಿಯ ಜೊತೆ.

‘ಏನ್ರಿ ಸರ, ಡ್ಯಾಂ ಬಿಟ್ಟು ಇಲ್ಲಿ? ಸುದ್ದಿ ಐತೇನು?’

‘ಇಲ್ಲಪಾ. ಚೀಟಿ ಮಾಡಸಬೇಕು.’

ಯಾವ ವಿಭಾಗ ಅಂದ. ಹೇಳಿದೆ. ‘ಆ ಕಡೆ ಹೋಗ್ರಿ’ ಎಂದು ಕೈ ತೋರಿಸಿದ. ಅಷ್ಟೇ. ಆರು ತಿಂಗಳು ಹೆದರಿದ್ದು ಇದಕ್ಕೆ.

ಡಾಕ್ಟರಿಗೆ ಟ್ರಾಮಡಾಲ್, ಪ್ಲಸ್, ಬಿಟ್ಟದ್ದು ಎಲ್ಲ ಹೇಳಿದೆ. ತಲೆಯೊಳಗಿನ ಕರೆಂಟು ನನ್ನ ಹುಚ್ಚಲ್ಲ, ಗುಳಿಗೆ ಒಮ್ಮೆಲೇ ನಿಲ್ಲಿಸಿದರೆ ಹಲವರಿಗೆ ಆಗುವಂಥದ್ದು ಎಂದರು. ಕೆಲವು ಔಷಧಗಳಲ್ಲಿ ಇದು ಜಾಸ್ತಿ. ಮೈಯಲ್ಲಿ ಬಹಳ ದಿನ ಉಳಿಯುವ ಫ್ಲುಯೊಕ್ಸೆಟಿನ್‌ನಲ್ಲಿ ಕಡಿಮೆ. ಇದು ಚಟ ಬಿಟ್ಟಾಗ ಆಗುವ ಒದ್ದಾಟವಲ್ಲ, ರೂಢಿಯಾದ ಮಿದುಳು ಹೊಂದಿಕೊಳ್ಳಲು ಸಮಯ ಕೇಳುತ್ತದೆ, ಅಷ್ಟೆ. ಮತ್ತೆ 5ರಿಂದ ಶುರು, ಆಮೇಲೆ 10. ‘ನಿಲ್ಲಿಸೋಣ, ಆದರೆ ನಾನು ಹೇಳಿದಾಗ, ಮೆಲ್ಲಗೆ. ಡ್ಯಾಂ ಕೆಳಗಿನ ಊರಿನವರಿಗೆ ನೀರು ಹೇಗೆ ಬಿಡಬೇಕು ಅಂತ ನಾನು ಹೇಳಬೇಕಾ?’ ಅಂದು ನಕ್ಕರು. ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿ, ಮೊದಲ ಎರಡು ವಾರ ಏನು ಗಮನಿಸಬೇಕೆಂದು ಅವಳಿಗೇ ವಿವರಿಸಿದರು. ವಯಸ್ಸಿನ ಹುಡುಗರಲ್ಲಿ ಈ ನಿಗಾ ಇನ್ನೂ ಮುಖ್ಯ. ಗುಳಿಗೆ ಶುರುವಾದ ದಿನಗಳಲ್ಲಿ ಕೆಲವರಲ್ಲಿ ಸಾವಿನ ಯೋಚನೆ ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು, ಹದಿಹರೆಯದವರ ವಿಷಯದಲ್ಲಿ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರಿಗೂ ವಿಸ್ತರಿಸಿತು. ಅದಕ್ಕೆ ಗುಳಿಗೆ ಬೇಡ ಎಂಬ ಅರ್ಥವಿಲ್ಲ. ಪಕ್ಕದಲ್ಲಿ ಗೊತ್ತಿರುವವರೊಬ್ಬರು ಇರಬೇಕು.

ಹುಲಿಗಿಯಿಂದ ಹೊಳೆಯ ಆಚೆ ನೋಡಿದರೆ ಹೊಸಪೇಟೆ ಕಡೆ. ಈಗ ವಿಜಯನಗರ ಜಿಲ್ಲೆ, ಮೊನ್ನೆಮೊನ್ನೆಯವರೆಗೆ ಬಳ್ಳಾರಿ. ಅದೇ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಯ ಔಷಧ ಜ್ವರದ ಗುಳಿಗೆಯ ಪಕ್ಕದಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಅದೇ. ಅದನ್ನು ಇವತ್ತಿಗೂ ಬಳ್ಳಾರಿ ಮಾದರಿ ಎಂದೇ ಕರೆಯುತ್ತಾರೆ. ಇಷ್ಟು ಹತ್ತಿರದ ಸಂಗತಿ ನನಗೆ ಡಿಪ್ಲೊಮಾ ಓದುವಾಗಲೂ ತಿಳಿದಿರಲಿಲ್ಲ, ವರದಿಗಾರಿಕೆಯ ಇಷ್ಟು ವರ್ಷದಲ್ಲೂ ತಿಳಿದಿರಲಿಲ್ಲ. ಕಾಯಿಲೆ ಬಂದ ಮೇಲೆ ತಿಳಿಯಿತು.

ನಮ್ಮ ವೃತ್ತಿಯ ಒಂದು ಮಾತು ಇಲ್ಲಿ ಹೇಳಲೇಬೇಕು. ಪೊಲೀಸರ ಪ್ರೆಸ್‌ನೋಟಿನಲ್ಲಿ ಬರುವ ‘ಹೊಟ್ಟೆನೋವು ತಾಳಲಾರದೆ’, ‘ಜೀವನದಲ್ಲಿ ಜಿಗುಪ್ಸೆಗೊಂಡು’ ಎಂಬ ಎರಡು ಸಾಲನ್ನು ನಾನು ನೂರಾರು ಸಲ ಹಾಗೇ ಟೈಪ್ ಮಾಡಿದ್ದೇನೆ. ಯಾವ ಹೊಟ್ಟೆನೋವು ಎಂದು ಒಮ್ಮೆಯೂ ಕೇಳಿಲ್ಲ. ಹೆಸರು, ಊರು, ಹೇಗೆ ಎಂಬುದನ್ನು ಮಾತ್ರ ವಿವರವಾಗಿ ಬರೆದಿದ್ದೇನೆ. ಹಾಗೆ ಬರೆಯಬಾರದು, ವಿಧಾನ ವಿವರಿಸಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಹೇಳಿದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಚಿಕಿತ್ಸೆಯಲ್ಲಿರುವವರ ಫೋಟೊ, ವಿವರಗಳನ್ನು ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ನಾನು ಮಾಸ್ಕ್ ಹಾಕಿ ಪಾಳಿಯಲ್ಲಿ ನಿಂತಾಗ ಯಾರಿಗೆ ಹೆದರಿದ್ದೆ? ನನ್ನಂಥ ಇನ್ನೊಬ್ಬ ವರದಿಗಾರನಿಗೆ.

ಅಲ್ಲಿಂದ ಈಚೆಗಿನದು ದೊಡ್ಡ ಕಥೆಯಲ್ಲ. ಗುಳಿಗೆ ಈಗ ಅವ್ವನ ಬಿಪಿ ಗುಳಿಗೆಯ ಸ್ಟೀಲ್ ಡಬ್ಬಿಯಲ್ಲಿದೆ, ಗೋಡೆಯ ಗೂಡಿನಲ್ಲಿ, ಬಿಸಿಲು ತಾಗದ ಕಡೆ, ಮಗಳ ಕೈಗೆ ಎಟುಕದ ಎತ್ತರಕ್ಕೆ. ಸ್ಟ್ರಿಪ್ಪಿನ ಹಿಂದೆ ಹೆಂಡತಿ ಪೆನ್ನಿನಿಂದ ತಾರೀಕು ಬರೆಯುತ್ತಾಳೆ. ಚೀಟಿಯ ಫೋಟೊ ಇಬ್ಬರ ಮೊಬೈಲಿನಲ್ಲೂ ಇದೆ. ಸಂಜೆಯ ಪಾರ್ಟಿಗಳಿಗೆ ಹೋದರೆ ‘ನನಗ ಗುಳಿಗಿ ನಡದೈತಿ’ ಎಂದು ಗ್ಲಾಸು ಮಗುಚಿಡುತ್ತೇನೆ, ಯಾವ ಗುಳಿಗೆ ಎಂದು ಕೇಳಿದವರಿಗೆ ಹೇಳುತ್ತೇನೆ. ಹಾಗೆ ಹೇಳಿದ ಮೇಲೆ ಇಬ್ಬರು ಬೇರೆ ಬೇರೆಯಾಗಿ ಫೋನ್ ಮಾಡಿ ‘ಅದು ಎಲ್ಲಿ ಕೊಡ್ತಾರೋ?’ ಅಂದರು. ಒಬ್ಬ ನಮ್ಮ ಬ್ಯಾಚಿನವನೇ.

ಗುಣವಾದ ಮೇಲೆ ಪೂರ್ತಿ ಒಂಬತ್ತು ತಿಂಗಳು ನಡೆಸಿದೆವು. ಈಗ ಇಳಿಸುತ್ತಿದ್ದಾರೆ. 10ರಿಂದ 5 ಆಗಿ ಕೆಲವು ವಾರ ಆಯಿತು, ಈಗ ಐದರ ಗುಳಿಗೆಯಲ್ಲಿ ಅರ್ಧ. ದಿನ ಬಿಟ್ಟು ದಿನ ತಗೊಂಡರಾಗದಾ ಎಂದು ಕೇಳಿದ್ದಕ್ಕೆ ಬೇಡ ಅಂದರು. ಮೈಯಲ್ಲಿ ಏರಿಳಿತ ಜಾಸ್ತಿಯಾಗುತ್ತದೆ, ದಿನವೂ ಇರಲಿ, ಸಣ್ಣದಾಗುತ್ತ ಹೋಗಲಿ. ಎರಡು ಸಲ ತಲೆಯಲ್ಲಿ ಸಣ್ಣಗೆ ಜುಂ ಅಂದಿತು. ಹೆಂಡತಿಗೆ ಹೇಳಿದೆ, ಅವಳು ತಾರೀಕಿನ ಪಕ್ಕ ಬರೆದುಕೊಂಡಳು.

ಅವ್ವನಿಗೆ ಸ್ವಲ್ಪ ಅಸೂಯೆ. ‘ನಂದು ಸಾಯೋತನಕ ಅಂತ. ನಿಂದು ಮುಗೀತೈತೇನು?’ ಅಂದಳು ನಿನ್ನೆ. ಮುಗಿಯಬಹುದು, ಮತ್ತೆ ಬೇಕಾಗಲೂಬಹುದು ಅಂದೆ. ಡಬ್ಬಿಯಲ್ಲಿ ಇನ್ನು ನಾಲ್ಕು ಅರ್ಧ ಉಳಿದಿವೆ. ಮಂಗಳವಾರ ಡಾಕ್ಟರ ಹತ್ತಿರ ಹೋಗಬೇಕು. ಅವತ್ತೇ ಹನ್ನೊಂದಕ್ಕೆ ಡಿಸಿ ಮೀಟಿಂಗ್ ಇದೆ. ಬೇರೆ ಯಾರನ್ನಾದರೂ ಕಳಿಸಿ, ನಾನು ಆಸ್ಪತ್ರೆಗೆ ಹೋಗಬೇಕು ಎಂದು ಡೆಸ್ಕಿಗೆ ಹೇಳಿದ್ದೇನೆ.